ಸಿಲ್ವರ್ ಬಿಲ್ಲಿಯಿಂದ ನಮ್ಮ ವಿಶಿಯವರೆಗೆ

ಭದ್ರಾವತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಎರಡು: ಕಬ್ಬಿಣದ ಕಾರ್ಖಾನೆ ಮತ್ತು ಗುಂಡಪ್ಪ ವಿಶ್ವನಾಥ್. 1949ರ ಫೆಬ್ರವರಿ 12ರಂದು ಅವರು ಹುಟ್ಟಿದ್ದು ಇಲ್ಲಿ. ಆಟ ಬೆಳೆದದ್ದು ಬೆಂಗಳೂರಿನಲ್ಲಾದರೂ ಶಿವಮೊಗ್ಗ, ಭದ್ರಾವತಿಯ ನಾವು ಅವರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟವರಲ್ಲ. ಅವರ ಸ್ಕ್ವೇರ್ ಕಟ್ ಎಂದರೆ ನಮಗೆ ಹೆಮ್ಮೆ. ಆ ಹೊಡೆತಕ್ಕೂ ಒಬ್ಬ ಹಿರಿಯನಿದ್ದಾನೆ. ಅವನೂ ನಮ್ಮ ಹಾಗೆ ಸಣ್ಣ ಊರಿನವನೇ.

ವಿಲಿಯಂ ಬೆಲ್ಡಮ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಫಾರ್ನ್‌ಹ್ಯಾಮ್ ಬಳಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಮೂರನೇ ಜಾರ್ಜ್ ದೊರೆಯ ಆಳ್ವಿಕೆ. ಇಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಮೂರು ವರ್ಷವಾಗಿತ್ತು. ತಿಳಿಬಣ್ಣದ ಕೂದಲಿನ ಈ ಹುಡುಗನನ್ನು ಜನ 'ಸಿಲ್ವರ್ ಬಿಲ್ಲಿ' ಎಂದರು. ಹೊಲದಲ್ಲಿ ದುಡಿಯುವ ಆಳು. ಅವನ ಉಸ್ತಾದ್ ಶುಂಠಿ ಬಿಸ್ಕತ್ತು ಸುಟ್ಟು ಮಾರುತ್ತಿದ್ದ ಹ್ಯಾರಿ ಹಾಲ್.

ಹಿಂದೆ ಚೆಂಡು ನೆಲದ ಮೇಲೆ ಉರುಳಿ ಬರುತ್ತಿದ್ದಾಗ ಹಾಕಿ ಕೋಲಿನಂತೆ ಬಾಗಿದ ಬ್ಯಾಟು ಸಾಕಾಗಿತ್ತು. ಬೌಲರುಗಳು, ಕೈ ಕೆಳಗಿನಿಂದಲೇ ಆದರೂ, ಚೆಂಡನ್ನು ಪುಟಿಸತೊಡಗಿದ ಮೇಲೆ ಬ್ಯಾಟು ನೆಟ್ಟಗಾಯಿತು. ಎಡ ಮೊಣಕೈ ಎತ್ತು, ಬ್ಯಾಟು ನೇರವಿರಲಿ. ಇದು ಹಾಲ್ ಕಲಿಸಿದ ಪಾಠ. ಶಾಗಿರ್ದ್ ಅಷ್ಟಕ್ಕೇ ನಿಲ್ಲಲಿಲ್ಲ. ಚೆಂಡಿನ ವೇಗವನ್ನೇ ಬಳಸಿಕೊಂಡು ಅದನ್ನು ಪಾಯಿಂಟ್ ಕಡೆಗೆ ಸೀಳಿ ಕಳಿಸುವ ಕಟ್ ಅವನ ಹೆಸರಿನೊಡನೆ ಸೇರಿಹೋಯಿತು. ಜಾನ್ ನೈರೆನ್ 1833ರ ತನ್ನ ಪುಸ್ತಕದಲ್ಲಿ ಅದನ್ನು ಮನತುಂಬಿ ಹೊಗಳಿದ್ದಾನೆ.

ಆಟ ಆಳುಗಳದು, ಹಣ ಒಡೆಯರದು. ಶ್ರೀಮಂತ ಪ್ರಭುಗಳು ಪಂದ್ಯದ ಮೇಲೆ ಗಿನಿಗಟ್ಟಲೆ ಬಾಜಿ ಕಟ್ಟುತ್ತಿದ್ದರು. ಬೆಲ್ಡಮ್‌ನಂಥವರು ಕೂಲಿಗೆ ಆಡುತ್ತಿದ್ದರು. ಆ ದಿನಗಳಲ್ಲಿ ಪಂದ್ಯಗಳು ಮಾರಾಟವಾದದ್ದನ್ನು ಮುದುಕನಾದ ಬೆಲ್ಡಮ್ ಪಾದ್ರಿ ಪೈಕ್ರಾಫ್ಟ್‌ನೆದುರು ಮುಚ್ಚಿಡಲಿಲ್ಲ. 1806ರಲ್ಲಿ 'ಜೆಂಟಲ್‌ಮನ್'ಗಳಿಗೂ ಕೂಲಿ ಆಟಗಾರರಿಗೂ ಮೊದಲ ಪಂದ್ಯ ಏರ್ಪಟ್ಟಿತು. ಜೆಂಟಲ್‌ಮನ್‌ಗಳು ಇನ್ನಿಂಗ್ಸ್ ಅಂತರದಿಂದ ಗೆದ್ದರು. ಹೇಗೆ ಗೆದ್ದರು ಎಂದು ಕೇಳಬೇಕು! ಬೆಲ್ಡಮ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಕೂಲಿ ಆಟಗಾರರನ್ನು ತಮ್ಮ ತಂಡಕ್ಕೆ ಕಡ ತಂದಿದ್ದರು. 1862ರಲ್ಲಿ, 96ನೇ ವಯಸ್ಸಿನಲ್ಲಿ, ಬೆಲ್ಡಮ್ ತೀರಿಕೊಂಡ.

'ಸಭ್ಯರ ಆಟ' ಎಂಬ ಮಾತನ್ನು ನಾವು ಇದೇ ದೊಡ್ಡಮನುಷ್ಯರಿಂದ ಕಲಿತೆವು.

ವಿಶ್ವನಾಥ್ ಕುಳ್ಳಗಿನ ಆಳು, ಬಲವೆಲ್ಲ ಮಣಿಕಟ್ಟಿನಲ್ಲಿ. 1967ರಲ್ಲಿ ಮೈಸೂರು ತಂಡದ ಪರ ಮೊದಲ ರಣಜಿ ಪಂದ್ಯದಲ್ಲೇ 230. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆ, ಮರು ಇನ್ನಿಂಗ್ಸಿನಲ್ಲಿ 137. ಅವರ ಆಟದ ಶಿಖರ ಯಾವುದೆಂದರೆ ನಾವು ಶತಕಗಳನ್ನು ಬಿಟ್ಟು 1975ರ ಮದ್ರಾಸನ್ನು ಹೆಸರಿಸುತ್ತೇವೆ. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನ್ನಿಂಗ್ಸಿನಲ್ಲಿ ಭಾರತದ ಮೊತ್ತ 190, ಅದರಲ್ಲಿ ವಿಶ್ವನಾಥ್ ಅವರದು ಔಟಾಗದೆ 97. ಆ ಟೆಸ್ಟನ್ನು ಭಾರತ ಗೆದ್ದಿತು.

1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿಗೆ ಅವರೇ ನಾಯಕ. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಕಂಡ ವಿಶ್ವನಾಥ್ ಅಂಪೈರ್ ಜೊತೆ ಮಾತಾಡಿ ಟೇಲರ್ ಅವರನ್ನು ಮರಳಿ ಕರೆಸಿದರು. ಟೇಲರ್ 43 ಹೊಡೆದರು, ಬಾಥಮ್ ಜೊತೆ 171 ಓಟಗಳ ಜೊತೆಯಾಟವಾಯಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.