ಆಸ್ಪತ್ರೆ ಹತ್ತಿರವಿದೆ, ಹೋಗಿ ಬರುವುದು ಹೇಗೆ?

ಆವರಗೆರೆಯಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕೆಲವೇ ಕಿಲೋಮೀಟರು. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಬೈಪಾಸ್ ಬಳಿಯ ಎಸ್.ಎಸ್. ವೈದ್ಯಕೀಯ ಸಂಸ್ಥೆ ಎಲ್ಲವೂ ಇರುವ ನಗರವಿದು. ಆದರೂ ಎಪ್ಪತ್ತು ದಾಟಿದವರ ಬಿ.ಪಿ., ಶುಗರ್ ತಪಾಸಣೆ "ಮಗ ರಜಾ ಹಾಕ್ಲಿ, ಆಮೇಲೆ ಹೋಗೋಣ" ಎಂಬ ಮಾತಿನಲ್ಲೇ ಮುಂದೆ ಹೋಗುತ್ತಿರುತ್ತದೆ. ಇದಕ್ಕೆ ಕಾರಣವೇನೆಂದು ಹುಡುಕಿದವರ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಮೊದಲು ಕಂಡದ್ದು ದೂರ. 1850ರ ಸುಮಾರಿಗೆ ಅಮೆರಿಕದ ವೈದ್ಯ ಎಡ್ವರ್ಡ್ ಜಾರ್ವಿಸ್ ಮಾನಸಿಕ ಆಸ್ಪತ್ರೆಗಳ ದಾಖಲೆ ತಿರುವಿಹಾಕಿ, ಹತ್ತಿರದ ಊರುಗಳಿಂದಲೇ ಹೆಚ್ಚು ರೋಗಿಗಳು ಬರುತ್ತಾರೆಂದು ತೋರಿಸಿದ. ನಮ್ಮಲ್ಲಿ 1946ರ ಭೋರ್ ಸಮಿತಿಯ ವರದಿಯಿಂದ ಬೆಳೆದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಿಂದೆಯೂ ಇದ್ದದ್ದು ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯುವ ಆಸೆಯೇ. 1981ರಲ್ಲಿ ಪೆಂಚಾನ್ಸ್ಕಿ ಮತ್ತು ಥಾಮಸ್ ಎಂಬ ಸಂಶೋಧಕರು ದೂರದ ಈ ಲೆಕ್ಕವನ್ನು ಹಿಗ್ಗಿಸಿದರು: ಸೇವೆ ಇದೆಯೇ, ತಲುಪಬಹುದೇ, ವೇಳೆ ಹೊಂದುತ್ತದೆಯೇ, ಖರ್ಚು ನಿಭಾಯಿಸಬಹುದೇ, ಮನಸ್ಸು ಒಪ್ಪುತ್ತದೆಯೇ?

ನನಗೆ ಇವೆಲ್ಲಕ್ಕಿಂತ ಆಳವಾಗಿ ಕಾಣುವುದು 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು ಬರೆದ ಪ್ರಬಂಧ. ಅದು ಬಾಣಂತಿಯರ ಸಾವಿನ ಕುರಿತದ್ದು, ಆದರೂ ಹಿರಿಯರಿಗೂ ಹೊಂದುತ್ತದೆ. ಹೋಗಲು ನಿರ್ಧರಿಸುವಲ್ಲಿ, ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆಗುವ ಮೂರು ವಿಳಂಬಗಳನ್ನು ಅದು ಬಿಡಿಸಿಟ್ಟಿತು. ವಾಹನದ ಚಿಂತೆ ಮೊದಲನೆಯ ವಿಳಂಬಕ್ಕೂ ಕಾರಣ. ಬಸ್ಸು ಹತ್ತಲಾಗದು, ಆಟೊಗೆ ದುಡ್ಡು ಸಾಲದು ಎಂದು ಗೊತ್ತಿರುವ ಅಜ್ಜಿ "ನಂಗೇನೂ ಆಗಿಲ್ಲ ಬಿಡ್ರಿ" ಎನ್ನುತ್ತಾಳೆ. ಆಕೆ ಯಾವ ಆಸ್ಪತ್ರೆಯ ದಾಖಲೆಯಲ್ಲೂ ಸಿಗುವುದಿಲ್ಲ. ವಾಹನದ ತೊಡಕಿನ ಬಗ್ಗೆ 61 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2013ರ ಅಮೆರಿಕದ ಸಮೀಕ್ಷೆಯೂ ತಪ್ಪಿದ ಭೇಟಿ, ತಡವಾದ ಚಿಕಿತ್ಸೆ, ನಿಂತುಹೋದ ಔಷಧಿಗಳತ್ತಲೇ ಬೊಟ್ಟು ಮಾಡಿತು.

ಕರ್ನಾಟಕದಲ್ಲಿ ದೊಡ್ಡ ಹೆಜ್ಜೆ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್. ಆದರೆ ಅದು ತುರ್ತಿಗೆ. ತಿಂಗಳ ತಪಾಸಣೆಗೆ ಅದನ್ನು ಕರೆಯುವಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸನ್ನು ಉಚಿತ ಮಾಡಿತು. ಒಬ್ಬಳೇ ಹೊರಟ ಅಜ್ಜಿಗೆ ಇದು ನಿಜವಾದ ಬಲ. ಅಜ್ಜನಿಗೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ ಮಾತ್ರ. ಖಾಸಗಿ ಬಸ್ಸುಗಳೇ ಓಡುವ ಹಳ್ಳಿ ದಾರಿಗಳಲ್ಲಿ ಅಜ್ಜಿಗೂ ಶಕ್ತಿ ಸಿಗದು. ಹರಿಹರದಿಂದ ರೈಲಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಒಳರೋಗಿಯ ವೆಚ್ಚ ಭರಿಸುತ್ತದೆ, ಆಟೊ ಬಾಡಿಗೆಯನ್ನಲ್ಲ.

ದುಡ್ಡಿನಾಚೆ ಮೆಟ್ಟಿಲಿದೆ. ದೇಶದ ನಗರ ಬಸ್ಸುಗಳ ಮಾನದಂಡದಲ್ಲಿ ನೆಲದಿಂದ ಬಸ್ಸಿನ ಒಳನೆಲದವರೆಗೆ 400, 650, 900 ಮಿ.ಮೀ. ಎಂಬ ಮೂರು ಎತ್ತರಗಳಿವೆ. ಮಂಡಿ ಸವೆದವರಿಗೆ 900ರ ಬಸ್ಸು ಹತ್ತುವುದೆಂದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ರಿಪೋರ್ಟು ತುಂಬಿದ ಪ್ಲಾಸ್ಟಿಕ್ ಚೀಲ, ಹಿಂದಿನಿಂದ ಯಾರಾದರೂ ತೋಳಿಗೆ ಆಸರೆ. ಅಷ್ಟರೊಳಗೆ ಕಂಡಕ್ಟರ್ ರೈಟ್ ಎಂದು ಸೀಟಿ ಊದಿದರೆ ಮುಗಿಯಿತು. ಒಮ್ಮೆ ಬಿದ್ದವರು ಮತ್ತೆ ಬಸ್ಸಿನ ಹೆಸರೆತ್ತುವುದಿಲ್ಲ. ಶೇರ್ ಆಟೊದಲ್ಲಿ ಮೆಟ್ಟಿಲು ತಗ್ಗು, ಆದರೆ ಒತ್ತೊತ್ತಾಗಿ ಕೂತು ಕಾಲು ಮಡಿಸಬೇಕು.

ಸಂಶೋಧನೆ ಇಷ್ಟು ದೂರ ಬಂದರೂ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ವಿಳಾಸ ಬರೆಸುವ ಕಡೆ ಹೇಗೆ ಬಂದಿರಿ, ಯಾರ ಜತೆ ಬಂದಿರಿ ಎಂದು ಕೇಳುವ ರೂಢಿಯಿಲ್ಲ. ದಾವಣಗೆರೆ, ಹರಿಹರದ ಆಸ್ಪತ್ರೆಗಳು ಅರವತ್ತು ದಾಟಿದವರಿಗಾದರೂ ಈ ಎರಡು ಪ್ರಶ್ನೆ ಕೇಳಿ ಬರೆದಿಡಲಿ, ಮುಂದಿನ ತಪಾಸಣೆಯ ವೇಳೆಯನ್ನು ಬಸ್ಸಿನ ವೇಳೆ ನೋಡಿ ಕೊಡಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ.