ಪ್ರತಿಕಾಯ ನುಡಿದ ಸಾಕ್ಷಿ

1952ರಲ್ಲಿ ಅಮೆರಿಕದಿಂದ ಬ್ರೆಜಿಲ್‌ನ ರಿಯೊ ಡಿ ಜನೈರೊಗೆ ಹೊರಟ ವಿಮಾನದಲ್ಲಿ ಮಹಿಳೆಯೊಬ್ಬರ ಕೈಚೀಲದಲ್ಲಿ ಎರಡು ಇಲಿಗಳಿದ್ದವು. ಎರಡರ ಮೈಯಲ್ಲೂ ಕ್ಯಾನ್ಸರ್ ಗಡ್ಡೆ. ಆ ಮಹಿಳೆ ಇಟಲಿಯ ನರವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ. ಗಡ್ಡೆಯಿಂದ ಒಸರುವ ಯಾವುದೋ ವಸ್ತು ನರಗಳನ್ನು ಬೆಳೆಸುತ್ತದೆ ಎಂಬುದು ಅವರ ಗುಮಾನಿ. ಅದನ್ನು ಪರೀಕ್ಷಿಸಲು ಬೇಕಾದ ಅನುಕೂಲ ರಿಯೊದಲ್ಲಿ ಹೆರ್ಟಾ ಮೇಯರ್ ಅವರ ಪ್ರಯೋಗಾಲಯದಲ್ಲಿತ್ತು.

ದೇಹದ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಅನೇಕ ಸಲ ಪ್ರೋಟೀನುಗಳ ಮೂಲಕ. ಈ ಸಂದೇಶವಾಹಕಗಳ ಪ್ರಮಾಣ ಅತ್ಯಲ್ಪ. ಸಾವಿರಾರು ಬಗೆಯ ಪ್ರೋಟೀನುಗಳ ಸಂತೆಯಲ್ಲಿ ಅಂಥದೊಂದನ್ನು ಗುರುತಿಸುವುದು ಹೇಗೆ? ನರವಿಜ್ಞಾನಕ್ಕೆ ಆ ದಾರಿ ತೋರಿದ್ದು ಪ್ರತಿಕಾಯ. ರೀಟಾ ಅವರ ಕಥೆ ಅದಕ್ಕೆ ಒಳ್ಳೆಯ ನಿದರ್ಶನ.

ಮಲಗುವ ಕೋಣೆಯೇ ಪ್ರಯೋಗಾಲಯ

ರೀಟಾ 1909ರಲ್ಲಿ ಟ್ಯೂರಿನ್ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ವೈದ್ಯ ಪದವಿ ಪಡೆದು ಸಂಶೋಧನೆಗೆ ತೊಡಗಿದ್ದಾಗಲೇ, 1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಅವರು ಕೈಕಟ್ಟಿ ಕೂರಲಿಲ್ಲ. ಮನೆಯ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಹೂಡಿ, ಹೊಲಿಗೆ ಸೂಜಿಗಳನ್ನು ಮಸೆದು ಸಲಕರಣೆ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದ ನರಗಳ ಬೆಳವಣಿಗೆಯನ್ನು ಅಭ್ಯಸಿಸಿದರು.

ಆ ಕೆಲಸವನ್ನು ಗಮನಿಸಿದ ವಿಕ್ಟರ್ ಹ್ಯಾಂಬರ್ಗರ್ ಅವರು ರೀಟಾ ಅವರನ್ನು ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಕೆಲವು ತಿಂಗಳ ಮಟ್ಟಿಗೆಂದು 1947ರಲ್ಲಿ ಹೋದವರು ಅಲ್ಲಿ ಸುಮಾರು ಮೂರು ದಶಕ ನಿಂತರು. ಇಲಿಯ ಕ್ಯಾನ್ಸರ್ ಗಡ್ಡೆಯ ತುಣುಕನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರೆ ನರಗಳು ಅದರೊಳಕ್ಕೆ ನುಗ್ಗಿ ಬೆಳೆಯುತ್ತವೆ ಎಂದು 1948ರಲ್ಲಿ ಎಲ್ಮರ್ ಬ್ಯೂಕರ್ ವರದಿ ಮಾಡಿದ್ದರು. ಇದರ ಬೆನ್ನು ಹತ್ತಿದ್ದೇ ರೀಟಾ ಅವರ ರಿಯೊ ಪಯಣಕ್ಕೆ ಕಾರಣ. ಅಲ್ಲಿ ಗಾಜಿನ ತಟ್ಟೆಯಲ್ಲಿ ಗಡ್ಡೆಯ ಚೂರಿನ ಪಕ್ಕ ನರಗ್ರಂಥಿಯನ್ನು ಇಟ್ಟಾಗ, ಒಂದೇ ದಿನದಲ್ಲಿ ಅದರ ಸುತ್ತ ನರತಂತುಗಳು ದೇವರ ವಿಗ್ರಹದ ಪ್ರಭಾವಳಿಯಂತೆ ಹರಡಿಕೊಂಡವು.

ಈ ವಸ್ತುವನ್ನು ಬೇರ್ಪಡಿಸುವ ಹೊಣೆ ಹೊತ್ತವರು 1953ರಲ್ಲಿ ಜೊತೆಗೂಡಿದ ಜೀವರಸಾಯನ ತಜ್ಞ ಸ್ಟ್ಯಾನ್ಲಿ ಕೋಹೆನ್. ಅದರಲ್ಲಿರುವ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಅವರು ಹಾವಿನ ವಿಷವನ್ನು ಬೆರೆಸಿ ನೋಡಿದರು. ಆಶ್ಚರ್ಯವೆಂದರೆ, ನರಗಳು ಮೊದಲಿಗಿಂತ ದಟ್ಟವಾಗಿ ಬೆಳೆದವು. ಹಾವಿನ ವಿಷದಲ್ಲೇ ಆ ವಸ್ತು ಹೇರಳವಾಗಿತ್ತು! ಹಾವಿನ ವಿಷಗ್ರಂಥಿಗೆ ಸಸ್ತನಿಗಳಲ್ಲಿ ಸಮಾನವಾದುದು ಜೊಲ್ಲುಗ್ರಂಥಿ ಎಂದು ಯೋಚಿಸಿದ ಕೋಹೆನ್, ಗಂಡು ಇಲಿಯ ಜೊಲ್ಲುಗ್ರಂಥಿಯಲ್ಲಿ ಹುಡುಕಿದಾಗ ಅಲ್ಲಿಯೂ ಅದು ಧಾರಾಳವಾಗಿ ಸಿಕ್ಕಿತು. ಅದೊಂದು ಪ್ರೋಟೀನು. ಇಂದು ಎನ್‌ಜಿಎಫ್ ಅಥವಾ ನರವರ್ಧಕ ಎಂದು ಅದರ ಹೆಸರು.

ಮೊಲದ ರಕ್ತದ ಉತ್ತರ

ಆದರೆ ದೊಡ್ಡದೊಂದು ಪ್ರಶ್ನೆ ಹಾಗೇ ಉಳಿದಿತ್ತು. ಕ್ಯಾನ್ಸರ್ ಗಡ್ಡೆ, ಹಾವಿನ ವಿಷ, ಇಲಿಯ ಜೊಲ್ಲು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಮೂಲಗಳು. ಆರೋಗ್ಯವಂತ ಪ್ರಾಣಿಯ ನರಗಳಿಗೆ ಇದು ನಿಜವಾಗಿಯೂ ಬೇಕೇ? ಅಥವಾ ಗಾಜಿನ ತಟ್ಟೆಯಲ್ಲಿ ಕಂಡ ಕೇವಲ ಒಂದು ವಿಚಿತ್ರವೇ?

ಹಾವು ಕಚ್ಚಿದವರಿಗೆ ಕೊಡುವ ಚುಚ್ಚುಮದ್ದು ತಯಾರಾಗುವ ಬಗೆ ಬಹಳ ಜನಕ್ಕೆ ಗೊತ್ತು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿದಾಗ ಅದರ ರಕ್ತದಲ್ಲಿ ಆ ವಿಷವನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಕೋಹೆನ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ನರವರ್ಧಕವನ್ನು ಮೊಲಗಳಿಗೆ ಚುಚ್ಚಿ ಪ್ರತಿಕಾಯ ಪಡೆದರು. ಅದನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಕೆಲವು ದಿನ ಕೊಡಲಾಯಿತು. ಮರಿಗಳು ಸಾಯಲಿಲ್ಲ, ಚೆನ್ನಾಗಿಯೇ ಬೆಳೆದವು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೃದಯ ಬಡಿತ ಮತ್ತು ರಕ್ತನಾಳಗಳನ್ನು ಹಿಡಿತದಲ್ಲಿಡುವ ಸಿಂಪಥೆಟಿಕ್ ನರಗ್ರಂಥಿಗಳು ಬಹುಪಾಲು ನಾಶವಾಗಿದ್ದವು. ಮೊಲದ ಪ್ರತಿಕಾಯ ಇಲಿಯ ಮೈಯಲ್ಲಿದ್ದ ನರವರ್ಧಕವನ್ನು ಕಟ್ಟಿಹಾಕಿತ್ತು; ಅದಿಲ್ಲದೆ ನರಕೋಶಗಳು ಉಳಿಯಲಿಲ್ಲ. 1960ರಲ್ಲಿ ಪ್ರಕಟವಾದ ಈ ಫಲಿತಾಂಶ ಸಂದೇಹಗಳಿಗೆ ಉತ್ತರ ನೀಡಿತು.

ಅಳತೆಯ ತೊಡಕು

ಇದ್ದದ್ದನ್ನು ಸಾಬೀತುಪಡಿಸಿದ ಮೇಲೆ ಎಲ್ಲಿ, ಎಷ್ಟಿದೆ ಎಂದು ಅಳೆಯುವ ಕೆಲಸ ಬಂತು. ಇಲ್ಲಿಯೂ ಪ್ರತಿಕಾಯವೇ ಸಾಧನ. ಆದರೆ ಸಾಧನ ಎಡವಿತು. ಪ್ರತಿಕಾಯದ ಪರೀಕ್ಷೆ ಇಲಿಗಳ ರಕ್ತದಲ್ಲಿ ತೋರಿಸಿದ ಪ್ರಮಾಣಕ್ಕೂ, ಅದೇ ರಕ್ತ ನಿಜವಾಗಿ ನರ ಬೆಳೆಸುವ ಶಕ್ತಿಗೂ ತಾಳೆಯಾಗುತ್ತಿಲ್ಲ ಎಂದು ಹಾನ್ಸ್ ಥೋನೆನ್ ಅವರ ತಂಡ 1978ರಲ್ಲಿ ತೋರಿಸಿತು. ರಕ್ತದ ಬೇರೆ ಘಟಕಗಳೂ ನರವರ್ಧಕವನ್ನು ಹಿಡಿದುಕೊಂಡು ಲೆಕ್ಕ ಕೆಡಿಸುತ್ತಿದ್ದವು.

1983ರಲ್ಲಿ ಸಿಗ್ರುನ್ ಕೊರ್ಶಿಂಗ್ ಮತ್ತು ಥೋನೆನ್ ಇದಕ್ಕೆ ಪರಿಹಾರ ಕಂಡರು. ಒಂದು ಪ್ರತಿಕಾಯ ಪ್ರೋಟೀನನ್ನು ಹಿಡಿದಿಡುತ್ತದೆ. ಕಿಣ್ವ ಜೋಡಿಸಿದ ಇನ್ನೊಂದು ಬಂದು ಅದನ್ನೇ ಹಿಡಿದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಹೆಚ್ಚು ಸಿಂಪಥೆಟಿಕ್ ನರಗಳಿರುವ ಅಂಗದಲ್ಲಿ ನರವರ್ಧಕವೂ ಹೆಚ್ಚು ಎಂಬುದು ಹೀಗೆ ತಿಳಿಯಿತು. ಅಂದರೆ ನರ ತಲುಪಬೇಕಾದ ಅಂಗವೇ ಅದನ್ನು ಪೋಷಿಸುತ್ತದೆ. 1985ರಲ್ಲಿ ಇದೇ ವಿಧಾನ, ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಸೇರಿದಂತೆ ಮಿದುಳಿನ ಭಾಗಗಳಲ್ಲೂ ನರವರ್ಧಕವನ್ನು ಅಳೆಯಿತು.

ಈ ನಡುವೆ 1975ರಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದಿದ್ದರು. ಪ್ರತಿಕಾಯಗಳು ಮಾರಾಟದ ಸರಕಾದವು. ಅದರ ಜೊತೆಗೆ ಹಳೆಯ ತೊಡಕೂ ಬೆಳೆಯಿತು: ಸೀಸೆಯ ಮೇಲಿನ ಚೀಟಿ ಹೇಳುವ ಪ್ರೋಟೀನನ್ನೇ ಒಳಗಿನ ಪ್ರತಿಕಾಯ ಹಿಡಿಯುತ್ತದೆಂಬ ಖಾತರಿ ಇಲ್ಲ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಪ್ರತಿಕಾಯಗಳ ಗುಣಮಟ್ಟ ಸುಧಾರಿಸಬೇಕೆಂದು ಬಹಿರಂಗವಾಗಿ ಒತ್ತಾಯಿಸಬೇಕಾಯಿತು.

ರೀಟಾ ಮತ್ತು ಕೋಹೆನ್ 1986ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ರೀಟಾ 2012ರಲ್ಲಿ ತಮ್ಮ 103ನೇ ವಯಸ್ಸಿನಲ್ಲಿ, ಕೋಹೆನ್ 2020ರಲ್ಲಿ ತೀರಿಕೊಂಡರು. ಪ್ರತಿಕಾಯ ಒಳ್ಳೆಯ ಸಾಕ್ಷಿ, ನಿಜ. ಆದರೆ ಅದರ ಮಾತನ್ನು ಇನ್ನೊಂದು ಸಾಕ್ಷಿಯಿಂದ ತಾಳೆ ನೋಡಿದಾಗಲೇ ವಿಜ್ಞಾನಕ್ಕೆ ಸತ್ಯ ಸಿಕ್ಕಿದೆ.