ಕೊರೊನಾ ತೆರೆದ ಬಾಗಿಲಲ್ಲಿ ನುಗ್ಗಿದ ಎರಡನೇ ಕಾಯಿಲೆ

ನಮ್ಮ ಹಾಸನ ಜಿಲ್ಲೆಯ ಎಷ್ಟೋ ಮನೆಗಳ ಬೀರುವಿನಲ್ಲಿ 2020–21ರ ಆಸ್ಪತ್ರೆ ಫೈಲು ಇನ್ನೂ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ತಾಲ್ಲೂಕಿಗೆ ಹೋದರೂ ಅಷ್ಟೇ. ಫೈಲಿನ ಕೊನೆಯ ಹಾಳೆಯಲ್ಲಿ ‘ಕೋವಿಡ್ ನ್ಯುಮೋನಿಯಾ’ ಅಂತ ಇರುತ್ತದೆ. ಕೆಲವರ ಹಾಳೆಯಲ್ಲಿ ಅದರ ಕೆಳಗೆ ಇನ್ನೊಂದೆರಡು ಪದ: ‘ಸೆಕೆಂಡರಿ ಇನ್‌ಫೆಕ್ಷನ್’, ‘ಸೆಪ್ಸಿಸ್’. ಮನೆಯವರನ್ನು ಇವತ್ತಿಗೂ ಒಂದು ಪ್ರಶ್ನೆ ಕಾಡುತ್ತದೆ. “ಕೊರೊನಾ ನೆಗೆಟಿವ್ ಬಂತು ಅಂದ್ರು. ಆಮೇಲೆ ಹೆಂಗೆ ಹೋದ್ರು?”

ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1918ರ ಜ್ವರ

1918ರ ಜೂನ್‌ನಲ್ಲಿ ಮುಂಬೈ ಬಂದರಿಗೆ ಇನ್‌ಫ್ಲುಯೆಂಜಾ ಬಂತು. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೈನಿಕರು, ಹಡಗು, ರೈಲು ಹೋದ ಕಡೆಗೆಲ್ಲ ಜ್ವರವೂ ಹೋಯಿತು. ಮೊದಲ ಅಲೆ ಅಷ್ಟು ಕಾಡಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದ ಎರಡನೇ ಅಲೆ ಊರೂರನ್ನೇ ಮಲಗಿಸಿತು. ಹಿಂದೂಸ್ತಾನದಲ್ಲಿ ಒಂದು ಕೋಟಿಗೂ ಹೆಚ್ಚು ಜನ ತೀರಿಕೊಂಡರು.

ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ರೈಲು ಶುರುವಾಗಿದ್ದೂ ಅದೇ ಆಸುಪಾಸಿನ ವರ್ಷಗಳಲ್ಲಿ. ಸಂಸ್ಥಾನವೂ ಆ ಜ್ವರದಿಂದ ತಪ್ಪಿಸಿಕೊಳ್ಳಲಿಲ್ಲ.

ಆಗಿನ ಡಾಕ್ಟರುಗಳಿಗೆ ಇದು ವೈರಸ್ ಅನ್ನುವುದೇ ಗೊತ್ತಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ವಿಜ್ಞಾನಿಗಳು ಹಿಡಿದದ್ದು 1933ರಲ್ಲಿ. ಆದರೆ ಒಂದು ವಿಷಯವನ್ನು ಅವರು ಕಣ್ಣಾರೆ ನೋಡಿದ್ದರು. ಕೆಲವರಿಗೆ ಜ್ವರ ಬಿಟ್ಟು ಎದ್ದು ಕೂರುವಂತಾಗುತ್ತಿತ್ತು. ಆಮೇಲೆ ಮತ್ತೆ ಚಳಿಜ್ವರ ಬಂದು, ಎದೆನೋವು, ಕೀವಿನಂಥ ಕಫ ಶುರುವಾಗಿ ಉಸಿರು ಕಟ್ಟುತ್ತಿತ್ತು.

ಅದು ಎರಡನೇ ಕಾಯಿಲೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 1918–19ರಲ್ಲಿ ಸತ್ತ 58 ಜನರ ಶ್ವಾಸಕೋಶದ ತುಣುಕುಗಳನ್ನು ಮತ್ತೆ ಪರೀಕ್ಷೆ ಮಾಡಿದರು. ಆ ಕಾಲದ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ದಾಖಲೆಯನ್ನೂ ಓದಿದರು. ಹೆಚ್ಚಿನವರ ಸಾವಿಗೆ ಕಾರಣ ವೈರಸ್ಸಿನ ಹಿಂದೆಯೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಎಂದು ತೀರ್ಮಾನಿಸಿದರು. ಆಗ ಆಂಟಿಬಯೋಟಿಕ್ ಇರಲಿಲ್ಲ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ.

ಬದು ಒಡೆದ ಗದ್ದೆ

ಇದು ಹೇಗಾಗುತ್ತದೆ? ನಮ್ಮ ಉಸಿರುನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಅವು ಹಗಲೂ ರಾತ್ರಿ ಧೂಳು, ಕಫ, ಕ್ರಿಮಿಗಳನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ವೈರಸ್ ಮೊದಲು ಹಾಳುಮಾಡುವುದು ಈ ಗೋಡೆಯನ್ನೇ. ಬದು ಒಡೆದ ಗದ್ದೆಗೆ ಯಾವ ನೀರಾದರೂ ನುಗ್ಗುತ್ತದಲ್ಲ, ಹಾಗೆ. ಮೂಗು ಗಂಟಲಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮತ್ತೆ ಮುಂಬೈ ದಾರಿ

2020ರ ಮೇ ಎರಡನೇ ವಾರದವರೆಗೆ ನಮ್ಮ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ 12ರಂದು ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದ ಐವರಲ್ಲಿ ಸೋಂಕು ಇರುವುದು ತಿಳಿಯಿತು. 1918ರಲ್ಲೂ ಮುಂಬೈ, 2020ರಲ್ಲೂ ಮುಂಬೈ. ಇದು ದುಡಿಯಲು ಹೋದವರ ತಪ್ಪಲ್ಲ. ಜನ ಓಡಾಡುವ ದಾರಿಯಲ್ಲೇ ರೋಗವೂ ಓಡಾಡುತ್ತದೆ.

ಇಷ್ಟರಲ್ಲಿ ಜಗತ್ತಿನ ಡಾಕ್ಟರುಗಳಿಗೆ 1918 ನೆನಪಾಗಿತ್ತು. ಕೊರೊನಾ ಹಿಂದೆಯೂ ಬ್ಯಾಕ್ಟೀರಿಯಾ ಬರಬಹುದು ಎಂಬ ಭಯ. ಖಚಿತವಾಗಿ ತಿಳಿಯಬೇಕಾದರೆ ಕಫವನ್ನೋ ರಕ್ತವನ್ನೋ ಲ್ಯಾಬಿನಲ್ಲಿಟ್ಟು ಕ್ರಿಮಿ ಬೆಳೆಸಿ ನೋಡಬೇಕು. ಇದಕ್ಕೆ ಕಲ್ಚರ್ ಪರೀಕ್ಷೆ ಅನ್ನುತ್ತಾರೆ. ಎರಡು ಮೂರು ದಿನ ಬೇಕು. ವಾರ್ಡು ತುಂಬಿ ತುಳುಕುತ್ತಿರುವಾಗ ಅಷ್ಟು ಕಾಯುವುದು ಹೇಗೆ? ಹಾಗಾಗಿ ಎಲ್ಲ ಕಡೆ ಮೊದಲ ದಿನದಿಂದಲೇ ಆಂಟಿಬಯೋಟಿಕ್ ಶುರುವಾಯಿತು. ಹಳ್ಳಿಯ ಮನೆಮನೆಯಲ್ಲೂ ಅಜಿತ್ರೋಮೈಸಿನ್ ಹೆಸರು ಬಾಯಿಪಾಠವಾಯಿತು.

ಲೆಕ್ಕ ಬೇರೆಯೇ ಇತ್ತು

ಆಮೇಲೆ ಬಂದ ಅಂಕಿ ಅಂಶಗಳು ಬೇರೆ ಕಥೆ ಹೇಳಿದವು. 2020ರಲ್ಲಿ ಹಲವು ದೇಶಗಳ ವರದಿಗಳನ್ನು ಒಟ್ಟು ಮಾಡಿ ನೋಡಿದಾಗ, ಆಸ್ಪತ್ರೆ ಸೇರುವಾಗಲೇ ಬ್ಯಾಕ್ಟೀರಿಯಾ ಸೋಂಕು ಇದ್ದವರು ನೂರಕ್ಕೆ ಮೂರೂವರೆ ಜನ ಮಾತ್ರ. ಆಂಟಿಬಯೋಟಿಕ್ ಕೊಟ್ಟಿದ್ದು ನೂರಕ್ಕೆ 70ಕ್ಕೂ ಹೆಚ್ಚು ಜನಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದ್ದೂ ಇದನ್ನೇ: ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಲ್ಲಿ ಆಂಟಿಬಯೋಟಿಕ್ ಬೇಕಾಗಿದ್ದ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ನೂರಕ್ಕೆ 8 ಜನಕ್ಕೆ, ಔಷಧಿ ಹೋದದ್ದು ಸುಮಾರು 75 ಜನಕ್ಕೆ.

ಮನೆಯಲ್ಲೇ ಇದ್ದ ರೋಗಿಗಳಿಗೆ ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಕೊಟ್ಟರೆ ಬೇಗ ವಾಸಿಯಾಗುತ್ತದೆಯೇ ಎಂದು ಇಂಗ್ಲೆಂಡಿನಲ್ಲಿ ಪರೀಕ್ಷೆ ನಡೆಯಿತು. ಪ್ರಯೋಜನ ಇಲ್ಲ ಎಂದು 2021ರ ಜನವರಿಯಲ್ಲೇ ಗೊತ್ತಾಯಿತು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್ಸಿಗೆ ಅಲ್ಲ.

ಹಾಗಾದರೆ ಫೈಲಿನಲ್ಲಿ ಬರೆದ ಎರಡನೇ ಸೋಂಕು ಸುಳ್ಳೇ? ಅಲ್ಲ. ಅದು ಬಂದ ಹೊತ್ತು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 10 ಆಸ್ಪತ್ರೆಗಳಲ್ಲಿ, 2020ರ ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲಾದ 17,534 ಕೊರೊನಾ ರೋಗಿಗಳ ಲೆಕ್ಕ ನೋಡಿತು. ಆಸ್ಪತ್ರೆ ಸೇರಿದ ಮೇಲೆ ಬ್ಯಾಕ್ಟೀರಿಯಾ ಅಥವಾ ಫಂಗಸ್ ಸೋಂಕು ತಗುಲಿದವರು ನೂರಕ್ಕೆ 3.6. ಸಂಖ್ಯೆ ಸಣ್ಣದು. ಆದರೆ ಒಟ್ಟು ರೋಗಿಗಳಲ್ಲಿ ಸಾವು ನೂರಕ್ಕೆ 10.6 ಇದ್ದರೆ, ಹೀಗೆ ಎರಡನೇ ಸೋಂಕು ತಗುಲಿದವರಲ್ಲಿ 56.7. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಮನೆಗೆ ಬರಲಿಲ್ಲ. ಅವರು ಮೊದಲೇ ತೀರಾ ಸೋತಿದ್ದವರು ಅನ್ನುವುದನ್ನೂ ನೆನಪಿಡಬೇಕು.

ಅವರಲ್ಲಿ ಸಿಕ್ಕಿದ ಮುಖ್ಯ ಕ್ರಿಮಿಗಳು ಎರಡು, ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್. ಐಸಿಯುಗಳಲ್ಲಿ ಹೆಚ್ಚಾಗಿ ಕಾಡುವ ಜಾತಿಯವು ಇವು. ಬೇರೆ ಔಷಧಿ ನಾಟದಿದ್ದಾಗ ಕೊಡುವ ಕಾರ್ಬಪೆನೆಮ್ ಎಂಬ ಬಲವಾದ ಔಷಧಿಗೂ ಅವುಗಳಲ್ಲಿ ಬಹುಪಾಲು ಬಗ್ಗಲಿಲ್ಲ. 1918ರಲ್ಲಿ ಮದ್ದು ಇರಲಿಲ್ಲ. 2020ರಲ್ಲಿ ಮದ್ದು ಇತ್ತು, ಕ್ರಿಮಿ ಅದಕ್ಕೆ ಹೆದರುವುದನ್ನು ಬಿಟ್ಟಿತ್ತು.

ಪೈಪಿನ ದಾರಿ

ಉಸಿರಾಡಲು ಆಗದವರಿಗೆ ಗಂಟಲೊಳಗೆ ಪೈಪು ಇಳಿಸಿ ವೆಂಟಿಲೇಟರ್ ಹಾಕುತ್ತಾರೆ. ಅದಿಲ್ಲದಿದ್ದರೆ ಅವರು ಅಂದೇ ಉಳಿಯುವುದಿಲ್ಲ. ಆದರೆ ಪೈಪು ಇರುವಾಗ ರೋಗಿ ಕೆಮ್ಮಿ ಕಫ ಹೊರಹಾಕಲಾರ. ಬಾಯಿಯ ಜೊಲ್ಲು ಪೈಪಿನ ಪಕ್ಕದಿಂದ ಒಳಗೆ ಜಿನುಗುತ್ತದೆ, ಕ್ರಿಮಿಯೂ ಜೊತೆಗೆ ಇಳಿಯುತ್ತದೆ. ಕೊರೊನಾ ರೋಗಿಗಳು ವಾರಗಟ್ಟಲೆ ವೆಂಟಿಲೇಟರಿನಲ್ಲಿ ಇರಬೇಕಾಯಿತು. ಅಮೆರಿಕದ ಶಿಕಾಗೋದ ವೈದ್ಯರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು: ವೆಂಟಿಲೇಟರಿನಲ್ಲಿದ್ದ ಕೊರೊನಾ ರೋಗಿಗಳ ಸಾವಿಗೆ ವಾಸಿಯಾಗದ ಈ ಎರಡನೇ ನ್ಯುಮೋನಿಯಾ ದೊಡ್ಡ ಕಾರಣ.

ಇದರ ಮೇಲೆ ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಇಂಗ್ಲೆಂಡಿನ ದೊಡ್ಡ ಪರೀಕ್ಷೆಯೊಂದು ತೋರಿಸಿತ್ತು. ಆಕ್ಸಿಜನ್ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಆಕ್ಸಿಜನ್ ಬೇಡದವರೂ ನುಂಗಿದಾಗ, ಅಳತೆ ಮೀರಿದಾಗ, ಅದು ಸಕ್ಕರೆ ಏರಿಸಿತು, ದೇಹದ ಕಾವಲು ತಗ್ಗಿಸಿತು. 2021ರ ಎರಡನೇ ಅಲೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮೂಗು, ಕಣ್ಣಿಗೆ, ಕೆಲವರ ಶ್ವಾಸಕೋಶಕ್ಕೂ ಕಪ್ಪು ಶಿಲೀಂಧ್ರ ಹತ್ತಿತು. ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯಾಗಿ ಘೋಷಿಸುವಂತೆ ಆ ವರ್ಷದ ಮೇ 20ರಂದು ಕೇಂದ್ರ ರಾಜ್ಯಗಳಿಗೆ ಹೇಳಿತು. ಅದರ ಮದ್ದು ಆಂಫೋಟೆರಿಸಿನ್‌ಗಾಗಿ ಜನ ಊರೂರು ಅಲೆದರು.

ನಮ್ಮ ಪಾಲಿಗೆ ಉಳಿದದ್ದು

ಈ ಇತಿಹಾಸ ಸತ್ತವರನ್ನು ತರುವುದಿಲ್ಲ. ಯಾರ ಮೇಲೋ ತಪ್ಪು ಹೊರಿಸಲೂ ಇದನ್ನು ಹೇಳುತ್ತಿಲ್ಲ. ಆದರೆ ನಾಳೆಗೆ ನಾಲ್ಕು ಮಾತು ಉಳಿಸಿದೆ.

ಒಂದು, ನೆಗಡಿ ಜ್ವರಕ್ಕೆ ಮೆಡಿಕಲ್ ಸ್ಟೋರಿನಲ್ಲಿ ನಾವೇ ಕೇಳಿ ಆಂಟಿಬಯೋಟಿಕ್ ತರುವುದು ಬೇಡ. ಇವತ್ತು ಸುಮ್ಮನೆ ನುಂಗಿದ ಮಾತ್ರೆ ನಾಳೆ ಐಸಿಯುನಲ್ಲಿ ಬೇಕಾದಾಗ ಕೆಲಸ ಮಾಡದೆ ಹೋಗಬಹುದು. ಡಾಕ್ಟರು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ.

ಎರಡು, ಜ್ವರ ಬಿಟ್ಟು ಚೇತರಿಸಿಕೊಂಡವರಿಗೆ ಮತ್ತೆ ಚಳಿಜ್ವರ, ಏದುಸಿರು, ಎದೆನೋವು ಬಂದರೆ “ಸುಸ್ತಿಗೆ ಹಂಗೆ” ಅಂತ ಬಿಡಬೇಡಿ. 1918ರವರು ನೋಡಿದ ಲಕ್ಷಣ ಅದೇ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರು, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರ ಸಕ್ಕರೆ ಹತೋಟಿಯಲ್ಲಿರಲಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯವೂ ಶ್ವಾಸಕೋಶದಲ್ಲೇ ಕೂರುವ ಕಾಯಿಲೆ.

ನಾಲ್ಕು, ನಮ್ಮವರು ವೆಂಟಿಲೇಟರಿನಲ್ಲಿದ್ದರೆ ಡಾಕ್ಟರನ್ನೋ ಸಿಸ್ಟರನ್ನೋ ವಿನಯದಿಂದ ಕೇಳಿ: ತಲೆ ಕಡೆ ಮಂಚ ಎತ್ತಿದ್ದೀರಾ? ಬಾಯಿ ಸ್ವಚ್ಛ ಮಾಡುತ್ತಿದ್ದೀರಾ? ಕಲ್ಚರ್ ಕಳಿಸಿದ್ದೀರಾ? ಒಳಗೆ ಹೋಗುವ ಮುನ್ನ ನೀವೂ ಕೈ ತೊಳೆಯಿರಿ. ಕೇಳುವುದು ಜಗಳವಲ್ಲ.

ಬೀರುವಿನಲ್ಲಿರುವ ಆ ಫೈಲನ್ನು ಎಸೆಯಬೇಡಿ. ‘ನೆಗೆಟಿವ್ ಬಂದಮೇಲೆ ಹೆಂಗೆ ಹೋದ್ರು’ ಅನ್ನುವವರಿಗೆ ಕೊನೆಯ ಹಾಳೆಯ ಆ ಎರಡನೇ ಸಾಲು ಉತ್ತರ ಹೇಳಬಹುದು. ವೈರಸ್ ಬಾಗಿಲು ತೆರೆದಿಟ್ಟು ಹೋಗಿತ್ತು, ಒಳಗೆ ಬಂದದ್ದು ಇನ್ನೊಂದು.